ಕಿವಿಯಲ್ಲಿ ನೋಡಿದ ಸಿನಿಮಾ

ಮನೆಗೆ ಬಂದವರು ನನ್ನ ಕಪಾಟಿನ ಮುಂದೆ ನಿಂತು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಒಂದೇ ಸಿನಿಮಾವನ್ನು ಇಷ್ಟು ಸಲ ಯಾಕೆ ಕೊಂಡಿರಿ? ಫ್ರಿಟ್ಸ್ ಲಾಂಗ್‌ನ ‘ಎಂ’ ನನ್ನಲ್ಲಿ ವಿಎಚ್‌ಎಸ್ ಕ್ಯಾಸೆಟ್ಟಾಗಿದೆ, ಡಿವಿಡಿಯಾಗಿ ಒಂದಕ್ಕಿಂತ ಹೆಚ್ಚು ಬಗೆಯಲ್ಲಿದೆ, ಬ್ಲೂ-ರೇ ಕೂಡ ಇದೆ. ಹಿಚ್‌ಕಾಕ್‌ನ ‘ಬ್ಲ್ಯಾಕ್‌ಮೇಲ್’ ಮೂಕಿಯೂ ಇದೆ, ಟಾಕಿಯೂ ಇದೆ. ನೋಡುವವರಿಗೆ ಅವು ಒಂದೇ ಹೆಸರಿನ ಡಬ್ಬಿಗಳು. ನನಗೆ ಒಂದೊಂದೂ ಬೇರೆ ಸಿನಿಮಾ. ಹೇಗೆ ಬೇರೆ ಎಂದು ಹೇಳಬೇಕಾದರೆ ಕಿವಿಯಿಂದ ಶುರು ಮಾಡಬೇಕು.

ನಾನು ಸಿನಿಮಾವನ್ನು ನೋಡುವ ಮೊದಲು ಕೇಳಿದವನು. ನಮ್ಮೂರಿನ ಕೆರೆ ಏರಿಯ ಆಚೆ, ಸುಗ್ಗಿ ಮುಗಿದ ಬಯಲಿನಲ್ಲಿ, ಟೂರಿಂಗ್ ಟಾಕೀಸಿನ ಡೇರೆ ಏಳುತ್ತಿತ್ತು. ಸಂಜೆ ಘಂಟಸಾಲರ ದನಿಯಲ್ಲಿ ವೆಂಕಟೇಶನ ಸ್ತುತಿ ಕೇಳಿಸಿತೆಂದರೆ ಟಿಕೆಟ್ ಕೊಡಲು ಶುರು ಮಾಡಿದ್ದಾರೆ ಎಂದೇ ಲೆಕ್ಕ. ಎರಡನೇ ಆಟಕ್ಕೆ ಮಕ್ಕಳನ್ನು ಕಳಿಸುತ್ತಿರಲಿಲ್ಲ. ಜಗಲಿಯ ಮೇಲೆ ಮಲಗಿ ಇಡೀ ಸಿನಿಮಾವನ್ನು ಕೇಳಿಸಿಕೊಳ್ಳುತ್ತಿದ್ದೆ. ‘ಜೇಡರ ಬಲೆ’, ‘ಗೋವಾದಲ್ಲಿ ಸಿಐಡಿ 999’ ಎರಡೂ 1968ರಲ್ಲಿ ತೆರೆಕಂಡ ದೊರೆ–ಭಗವಾನ್ ಚಿತ್ರಗಳು. ನಮ್ಮ ಡೇರೆಗೆ ಬರುವ ಹೊತ್ತಿಗೆ ವರ್ಷಗಳೇ ಕಳೆದಿದ್ದವು. ರಾಜ್‌ಕುಮಾರ್ ಅವರ ಮಾತು, ಕಾರಿನ ಬ್ರೇಕು, ಗುಂಡಿನ ಸದ್ದು ಗಾಳಿಯಲ್ಲಿ ತೇಲಿ ಬರುತ್ತಿದ್ದವು. ಆಮೇಲೆ ಒಮ್ಮೆಲೇ ಏನೂ ಇಲ್ಲ. ಆ ‘ಏನೂ ಇಲ್ಲ’ದಲ್ಲಿಯೇ ನನ್ನ ಎದೆ ಹೊಡೆದುಕೊಳ್ಳುತ್ತಿದ್ದುದು. ಯಾರೋ ಯಾರದೋ ಬೆನ್ನ ಹಿಂದೆ ಬರುತ್ತಿರಬೇಕು, ಬಾಗಿಲ ಮರೆಯಲ್ಲಿ ನಿಂತಿರಬೇಕು. ಮರುದಿನ ನೋಡಿಬಂದ ದೊಡ್ಡ ಹುಡುಗರು ಕಥೆ ಹೇಳಿದರೆ ಅದು ನಾನು ಕೇಳಿಸಿಕೊಂಡ ಕಥೆಯಷ್ಟು ಭಯ ಹುಟ್ಟಿಸುತ್ತಿರಲಿಲ್ಲ. ಹಗಲಿಗೆ ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು, ರಾತ್ರಿಗೆ ಡೇರೆಯ ಸದ್ದು. ಸಸ್ಪೆನ್ಸ್ ಎಂಬುದನ್ನು ನಾನು ಕಲಿತದ್ದು ಇವೆರಡರಿಂದ.

ಬೆಂಗಳೂರಿಗೆ ಕೆಲಸಕ್ಕೆ ಬಂದ ಮೇಲೆ ಫಿಲ್ಮ್ ಸೊಸೈಟಿ ಸೇರಿದೆ. ಹಾಲಿನ ಹಿಂಬದಿಯಲ್ಲಿ 16 ಎಂಎಂ ಪ್ರೊಜೆಕ್ಟರ್ ಕಟಕಟ ಓಡುತ್ತಿರುವಾಗ, ಮಡಚುವ ಕುರ್ಚಿಯ ಮೇಲೆ ಕೂತು ‘ಎಂ’ ನೋಡಿದೆ. 1931ರ ಮೇ ತಿಂಗಳಲ್ಲಿ ಬರ್ಲಿನ್‌ನಲ್ಲಿ ತೆರೆಕಂಡ ಈ ಚಿತ್ರ ಲಾಂಗ್‌ನ ಮೊದಲ ಟಾಕಿ. ಮಕ್ಕಳನ್ನು ಕೊಲ್ಲುವವನೊಬ್ಬ ಊರಲ್ಲಿ ಅಡ್ಡಾಡುತ್ತಿದ್ದಾನೆ. ಎಲ್ಸಿ ಎಂಬ ಹುಡುಗಿ ಶಾಲೆ ಬಿಟ್ಟ ಮೇಲೆ ಮನೆಗೆ ಬರಲಿಲ್ಲ. ತಾಯಿ ಊಟಕ್ಕೆ ತಟ್ಟೆ ಇಟ್ಟು ಕಾಯುತ್ತಾಳೆ, ಗಡಿಯಾರ ನೋಡುತ್ತಾಳೆ, ಕೊನೆಗೆ ಮಗಳ ಹೆಸರು ಹಿಡಿದು ಕೂಗುತ್ತಾಳೆ. ಕೂಗು ಕೇಳುತ್ತಿರುವಾಗ ತೆರೆಯ ಮೇಲೆ ತಾಯಿಯಿಲ್ಲ. ಖಾಲಿ ಮೆಟ್ಟಿಲುಗಳಿವೆ, ಬಟ್ಟೆ ಹರವಿದ ಅಟ್ಟವಿದೆ, ಯಾರೂ ಕೈಯಿಡದ ತಟ್ಟೆಯಿದೆ. ಆಮೇಲೆ ಪೊದೆಯ ಮರೆಯಿಂದ ಒಂದು ಚೆಂಡು ಉರುಳಿ ಬಂದು ನಿಲ್ಲುತ್ತದೆ. ಒಂದು ಬಲೂನು ತಂತಿಗೆ ಸಿಕ್ಕಿ ಒದ್ದಾಡುತ್ತದೆ. ಅಷ್ಟೇ. ಕೊಲೆಯನ್ನು ಲಾಂಗ್ ತೋರಿಸುವುದೇ ಇಲ್ಲ. ನಮ್ಮೂರ ಜಗಲಿಯ ಮೇಲೆ ನನಗೆ ಅರ್ಥವಾಗಿದ್ದನ್ನೇ ಬರ್ಲಿನ್‌ನ ಒಬ್ಬ ನಿರ್ದೇಶಕ ನಾನು ಹುಟ್ಟುವ ಎಷ್ಟೋ ಮೊದಲೇ ಮಾಡಿಟ್ಟಿದ್ದ.

ಪೀಟರ್ ಲೋರೆ ಮಾಡಿದ ಆ ಕೊಲೆಗಾರನ ಗುರುತು ಮುಖವಲ್ಲ, ಶಿಳ್ಳೆ. ಗ್ರೀಗ್ ಎಂಬ ನಾರ್ವೆಯ ಸಂಗೀತಗಾರನ ಒಂದು ಮಟ್ಟನ್ನು ಅವನು ಶಿಳ್ಳೆ ಹಾಕುತ್ತಾನೆ. ಲೋರೆಗೆ ಶಿಳ್ಳೆ ಬಾರದ್ದರಿಂದ ತಾನೇ ಹಾಕಿದೆ ಎಂದು ಲಾಂಗ್ ಹೇಳಿಕೊಂಡಿದ್ದಾನೆ. ಇಡೀ ನಗರದ ಪೊಲೀಸರು ಭೂತಗನ್ನಡಿ ಹಿಡಿದು ಹುಡುಕುತ್ತಾರೆ, ಕಳ್ಳರ ಗುಂಪು ಭಿಕ್ಷುಕರನ್ನು ಕಾವಲಿಗೆ ಬಿಟ್ಟು ಹುಡುಕುತ್ತದೆ. ಕೊನೆಗೆ ಅವನ ಸುಳಿವು ಹಿಡಿಯುವವನು ಬಲೂನು ಮಾರುವ ಒಬ್ಬ ಕುರುಡ. ಮಾತು ಬಂದ ಹೊಸತರಲ್ಲಿ ಎಲ್ಲರೂ ತೆರೆಯ ತುಂಬ ಮಾತು ಸುರಿಯುತ್ತಿದ್ದಾಗ, ಕೇಳುವುದನ್ನೇ ಕಥೆಯ ಬೆನ್ನೆಲುಬು ಮಾಡಿದ್ದು ಲಾಂಗ್‌ನ ದೊಡ್ಡತನ. ಇಂದಿಗೂ ಇದಕ್ಕಿಂತ ಮೇಲಾದ ಸಸ್ಪೆನ್ಸ್ ಚಿತ್ರ ಇದೆಯೆಂದು ನಾನು ಒಪ್ಪುವುದಿಲ್ಲ.

ಆ ರಾತ್ರಿಯೇ ಈ ಸಿನಿಮಾ ನನ್ನ ಮನೆಯಲ್ಲಿರಬೇಕು ಎಂಬ ಆಸೆ ಹುಟ್ಟಿತು. ಮೊದಲು ಸಿಕ್ಕಿದ್ದು ವಿಎಚ್‌ಎಸ್. ಹಚ್ಚಿ ನೋಡಿದರೆ ನಾನು ಕಂಡ ಚಿತ್ರ ಅದಾಗಿರಲಿಲ್ಲ. ನೆತ್ತಿಗಳು ಕತ್ತರಿಸಿಹೋಗಿದ್ದವು, ನಿಶ್ಶಬ್ದವಿರಬೇಕಾದ ಬೀದಿಗಳಲ್ಲಿ ಗಾಡಿಗಳ ಸದ್ದು ಕೇಳುತ್ತಿತ್ತು. ಕಾರಣ ತಿಳಿಯಲು ಬಹಳ ಕಾಲ ಹಿಡಿಯಿತು. ಮೂಕಿ ಕಾಲದ ಚೌಕಟ್ಟು ಅಗಲ ಎತ್ತರಗಳಲ್ಲಿ 1.33ಕ್ಕೆ 1. ಫಿಲ್ಮಿನ ಅಂಚಿನಲ್ಲಿ ಧ್ವನಿಯ ಪಟ್ಟಿ ಸೇರಿದಾಗ ಚಿತ್ರಕ್ಕೆ ಉಳಿದ ಜಾಗ ಕಿರಿದಾಯಿತು. ಆ ಕೆಲವೇ ವರ್ಷಗಳ ಟಾಕಿಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ, 1.19ಕ್ಕೆ 1. ಮುಂದೆ ಪ್ರತಿ ತೆಗೆದವರು ಅದನ್ನು ಮಾಮೂಲಿ ಅಳತೆಗೆ ಹಿಗ್ಗಿಸಿದರು, ಮೇಲೆ ಕೆಳಗೆ ಚಿತ್ರ ಕಳೆದುಹೋಯಿತು. 1960ರ ಸುಮಾರಿನ ಮರುಬಿಡುಗಡೆಯಲ್ಲಿ, ಲಾಂಗ್ ಬೇಕೆಂದೇ ಮೌನವಾಗಿ ಬಿಟ್ಟ ಜಾಗಗಳಿಗೆ ಸದ್ದು ತುಂಬಿದರು. ಮೂಲ ನೆಗೆಟಿವ್ ಹಿಡಿದು ಚಿತ್ರವನ್ನು ಜೀರ್ಣೋದ್ಧಾರ ಮಾಡಿದ ಮೇಲೆ ಬಂದ ಡಿಸ್ಕಿನಲ್ಲಿ ನೆತ್ತಿಗಳು ಮರಳಿದವು, ಮೌನವೂ ಮರಳಿತು. ಒಂದೇ ಸಿನಿಮಾವನ್ನು ಮತ್ತೆ ಮತ್ತೆ ಕೊಂಡದ್ದು ಇದಕ್ಕೆ. ಕೆಟ್ಟ ಪ್ರತಿಯನ್ನು ಬಿಸಾಡಲಿಲ್ಲ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಮಾತ್ರ ಏನು ಕಳೆದಿತ್ತು ಎಂದು ತಿಳಿಯುತ್ತದೆ.

ಮೂಕಿಗಳದ್ದು ಬೇರೆ ಕಷ್ಟ. ಆಗ ಕ್ಯಾಮೆರಾವನ್ನು ಬಹುಮಟ್ಟಿಗೆ ಕೈಯಲ್ಲಿ ತಿರುಗಿಸುತ್ತಿದ್ದರು. ವೇಗ ಒಂದೇ ಇರಲಿಲ್ಲ, ಸೆಕೆಂಡಿಗೆ 16 ಚೌಕಟ್ಟಿನಿಂದ ಹಿಡಿದು 24ರವರೆಗೂ ಇರಬಹುದಿತ್ತು. ಟಾಕಿಯ 24ಕ್ಕೆ ಓಡಿಸಿದರೆ ಮನುಷ್ಯರು ಕುಪ್ಪಳಿಸುತ್ತಾರೆ. ನಮ್ಮ ಪೀಳಿಗೆಗೆ ಮೂಕಿ ಎಂದರೆ ಬಡಬಡ ಓಡಾಡುವ ನಗೆಪಾಟಲು ಎಂಬ ಭಾವನೆ ಬಂದದ್ದು ಬಹುಪಾಲು ಈ ತಪ್ಪು ವೇಗದಿಂದ. ಸರಿಯಾದ ವೇಗದಲ್ಲಿ ಮುರ್ನಾವ್‌ನ ‘ನೊಸ್ಫೆರಾಟು’ ನೋಡಿ. ಆ ನಡಿಗೆಯ ನಿಧಾನವೇ ಭಯ. ಅಗ್ಗದ ಡಿಸ್ಕುಗಳಲ್ಲಿ ಮೂಕಿಯ ಮೇಲೆ ಯಾವುದೋ ಪಿಯಾನೋವನ್ನು ಕೊನೆತನಕ ಹರಿಯಬಿಟ್ಟಿರುತ್ತಾರೆ. ಅಂಥವನ್ನು ನಾನು ಸದ್ದು ತೆಗೆದು ನೋಡುತ್ತೇನೆ.

ಹಿಚ್‌ಕಾಕ್‌ನ ಹಾದಿಯನ್ನು ಅವನ ಆರಂಭದ ಚಿತ್ರಗಳಲ್ಲಿ ಹಿಡಿದು ನಡೆಯುವುದು ಸಂಗ್ರಹಕಾರನಿಗೆ ಸಿಗುವ ದೊಡ್ಡ ಸುಖ. 1927ರ ‘ದಿ ಲಾಡ್ಜರ್’ ಮೂಕಿ. ಮಾಳಿಗೆಯ ಬಾಡಿಗೆದಾರ ರಾತ್ರಿಯೆಲ್ಲ ಶತಪಥ ಹಾಕುತ್ತಾನೆ, ಕೆಳಗಿನ ಮನೆಯವರಿಗೆ ಅವನ ಮೇಲೆ ಅನುಮಾನ. ಹೆಜ್ಜೆ ಸದ್ದನ್ನು ಕೇಳಿಸುವುದು ಹೇಗೆ? ಹಿಚ್‌ಕಾಕ್ ದಪ್ಪ ಗಾಜಿನ ನೆಲ ಮಾಡಿಸಿ, ಅದರ ಮೇಲೆ ಐವರ್ ನೊವೆಲ್ಲೋನನ್ನು ನಡೆಸಿ, ಕೆಳಗಿನಿಂದ ಚಿತ್ರೀಕರಿಸಿದ. ಮನೆಯವರು ತಲೆಯೆತ್ತುತ್ತಾರೆ, ತೂಗುದೀಪ ಅಲ್ಲಾಡುತ್ತದೆ, ಸೂರಿನ ಆಚೆ ಪಾದಗಳು ಕಾಣುತ್ತವೆ. ಇಲ್ಲದ ಸದ್ದು ಕಣ್ಣಿಗೆ ಕೇಳಿಸುತ್ತದೆ.

ಎರಡು ವರ್ಷಕ್ಕೆ ಮಾತು ಬಂತು. ‘ಬ್ಲ್ಯಾಕ್‌ಮೇಲ್’ ಅನ್ನು ಮೂಕಿಯಾಗಿ ಶುರು ಮಾಡಿ, ಬಹಳಷ್ಟನ್ನು ಮತ್ತೆ ಚಿತ್ರೀಕರಿಸಿ 1929ರಲ್ಲಿ ಟಾಕಿಯಾಗಿ ಬಿಟ್ಟರು; ಧ್ವನಿಯಂತ್ರವಿಲ್ಲದ ಥಿಯೇಟರುಗಳಿಗೆ ಮೂಕಿಯೇ ಹೋಯಿತು. ನಾಯಕಿ ಆನಿ ಒಂಡ್ರಾಳ ಇಂಗ್ಲಿಷಿನ ಉಚ್ಚಾರ ಲಂಡನ್ನಿನ ಅಂಗಡಿಯವನ ಮಗಳಿಗೆ ಒಪ್ಪುತ್ತಿರಲಿಲ್ಲ. ಆಮೇಲೆ ಡಬ್ ಮಾಡುವ ತಂತ್ರ ಆಗಿನ್ನೂ ಕೈಗೆ ಬಂದಿರಲಿಲ್ಲ. ಅದಕ್ಕೆ ಜೋನ್ ಬ್ಯಾರಿ ಎಂಬ ನಟಿ ಕ್ಯಾಮೆರಾಕ್ಕೆ ಕಾಣದಂತೆ ಪಕ್ಕದಲ್ಲಿ ನಿಂತು ಮಾತಾಡಿದಳು, ಒಂಡ್ರಾ ಆ ಮಾತಿಗೆ ತುಟಿ ಅಲ್ಲಾಡಿಸಿದಳು. ಯಕ್ಷಗಾನ ನೋಡಿ ಬೆಳೆದ ನನಗೆ ಹಿಮ್ಮೇಳದ ದನಿಗೆ ವೇಷ ಕುಣಿಯುವುದು ಹೊಸತೇನಲ್ಲ. ಆದರೂ ಆ ಡಿಸ್ಕ್ ಹಚ್ಚಿದಾಗೆಲ್ಲ, ಚೌಕಟ್ಟಿನ ಆಚೆ ನಿಂತಿರುವ ಆ ಇನ್ನೊಬ್ಬಳನ್ನು ನನ್ನ ಕಿವಿ ಹುಡುಕುತ್ತದೆ. ಈ ಚಿತ್ರದಲ್ಲಿ, ಮೈಮೇಲೆ ಬಿದ್ದವನನ್ನು ಚೂರಿಯಿಂದ ಇರಿದು ಬಂದ ಹುಡುಗಿ ಬೆಳಿಗ್ಗೆ ತಿಂಡಿಗೆ ಕೂತಿರುವಾಗ ನೆರೆಯವಳೊಬ್ಬಳು ಆ ಕೊಲೆಯ ಬಗ್ಗೆ ಹರಟುತ್ತಾಳೆ. ಹರಟೆ ಮಸುಕಾಗಿ ಬರೀ ಗುಜುಗುಜು ಆಗುತ್ತದೆ. ಅದರೊಳಗಿಂದ ‘ಚೂರಿ’ ಎಂಬ ಒಂದೇ ಮಾತು ಮತ್ತೆ ಮತ್ತೆ ಚುಚ್ಚುತ್ತದೆ. ಮೂಕಿಯಲ್ಲಿ ಈ ದೃಶ್ಯಕ್ಕೆ ಈ ಮೊನೆಯಿಲ್ಲ. ಹಾಗೆಂದು ಟಾಕಿಯೇ ಮೇಲು ಎನ್ನಲಾರೆ. ಮೂಕಿಯ ಕ್ಯಾಮೆರಾ ಹೆಚ್ಚು ಹಗುರಾಗಿ ಓಡಾಡುತ್ತದೆ. ಎರಡನ್ನೂ ಒಂದೇ ದಿನ ನೋಡಿದರೆ ಸಿನಿಮಾ ಏನು ಕೊಟ್ಟು ಏನು ಪಡೆಯಿತು ಎಂಬುದು ತಾನಾಗಿ ತಿಳಿಯುತ್ತದೆ. 1935ರ ‘ದಿ 39 ಸ್ಟೆಪ್ಸ್’ ಹೊತ್ತಿಗೆ ಅವನ ಕೈ ಪಳಗಿತ್ತು: ಹೆಣ ಕಂಡ ಹೆಂಗಸು ಚೀರಲು ಬಾಯಿ ತೆರೆಯುತ್ತಾಳೆ, ಕೇಳಿಸುವುದು ರೈಲಿನ ಸಿಳ್ಳು.

‘ಎಂ’ ಚಿತ್ರಕ್ಕೆ ನಮ್ಮ ನೆಲದ ಒಂದು ನಂಟಿದೆ. ಚಿತ್ರಕಥೆ ಬರೆದದ್ದು ಲಾಂಗ್‌ನೊಂದಿಗೆ ಅವನ ಹೆಂಡತಿ ಥೇಯಾ ಫಾನ್ ಹಾರ್ಬೊ; ‘ಮೆಟ್ರೊಪೊಲಿಸ್’ ಕೂಡ ಅವಳ ಬರಹ. ಭಾರತವನ್ನು ನೋಡದೆಯೇ ಭಾರತದ ರಾಜರ ಕಥೆಯೊಂದನ್ನು ಅವಳು 1918ರಲ್ಲಿ ಕಾದಂಬರಿಯಾಗಿ ಬರೆದಿದ್ದಳು. 1933ರಲ್ಲಿ ಲಾಂಗ್‌ನಿಂದ ವಿಚ್ಛೇದನವಾದ ಮೇಲೆ ಅವಳು ಗುಟ್ಟಾಗಿ ಮದುವೆಯಾದದ್ದು ಬೆಳಗಾವಿ ಸಮೀಪದ ಬೆಳಗುಂದಿಯ ಆಯಿ ಗಣಪತ ತೆಂಡುಲ್ಕರ್ ಅವರನ್ನು. ಅವರು ಬರ್ಲಿನ್‌ನಲ್ಲಿ ಪತ್ರಕರ್ತರಾಗಿದ್ದರು. ಯುದ್ಧಕ್ಕೆ ಮೊದಲು ಭಾರತಕ್ಕೆ ಮರಳಿದ ಅವರು ಮುಂದೆ ಗಾಂಧೀಜಿಯ ಆಶೀರ್ವಾದದೊಂದಿಗೆ ಇಂದುಮತಿ ಗುಣಾಜಿ ಅವರನ್ನು ವರಿಸಿದರು. ಬೆಳಗಾವಿಯಲ್ಲಿ ಪತ್ರಿಕೆ ನಡೆಸಿದರು. ಇತ್ತ ಹಾರ್ಬೊ ನಾಜಿ ಪಕ್ಷಕ್ಕೆ ಸೇರಿದಳು, ಲಾಂಗ್ ಜರ್ಮನಿಯನ್ನೇ ಬಿಟ್ಟು ಹೋದ. ಅವಳ ರಾಜಕೀಯವನ್ನು ನಾನು ಕ್ಷಮಿಸಲಾರೆ. ಆದರೆ ಎಲ್ಸಿಯ ತಾಯಿಯ ಆ ಕಾಯುವಿಕೆಯನ್ನು ಬರೆದ ಕೈ ಅದೇ ಎಂಬುದನ್ನೂ ಮರೆಯಲಾರೆ. ತೆಂಡುಲ್ಕರ್ ಅವರ ವಿಷಯ ಓದಿದ ಮೇಲೆ ಒಮ್ಮೆ ಬೆಳಗಾವಿಗೆ ಹೋದಾಗ ಬೆಳಗುಂದಿಯ ಕಡೆ ಸುತ್ತಾಡಿ ಬಂದೆ. ಬರ್ಲಿನ್‌ನಿಂದ ಅಲ್ಲಿಗೆ ಎಳೆಯೊಂದು ಬಂದಿತ್ತೆಂದು ಹೇಳುವ ಗುರುತೇನೂ ನನ್ನ ಕಣ್ಣಿಗೆ ಬೀಳಲಿಲ್ಲ.

ಸಂಗ್ರಹ ಬೆಳೆದದ್ದು ಹೇಗೆಂದು ಚುಟುಕಾಗಿ ಹೇಳುತ್ತೇನೆ. ಅಮೆರಿಕದಲ್ಲಿದ್ದ ನೆಂಟರು ಬರುವಾಗ ಸೂಟ್‌ಕೇಸಿನಲ್ಲಿ ಡಿವಿಡಿ ತರುತ್ತಿದ್ದರು. ಅವು ರೀಜನ್ 1, ನಮ್ಮ ದೇಶದ್ದು ರೀಜನ್ 5. ರಿಮೋಟಿನಲ್ಲಿ ಗುಪ್ತ ಸಂಖ್ಯೆ ಒತ್ತಿ ಪ್ಲೇಯರಿನ ಬೀಗ ತೆಗೆಯಬೇಕಿತ್ತು. ಎಸ್‌ಜೆಪಿ ರಸ್ತೆಯ ಬಳಿಯ ಸಂಡೇ ಬಜಾರ್‌ನಲ್ಲಿ ಗಡಿಯಾರ, ಸ್ಪ್ಯಾನರುಗಳ ನಡುವೆ ಹಳೆಯ ಕ್ಯಾಸೆಟ್ಟು, ಸಿನಿಮಾ ಹಾಡಿನ ಪುಸ್ತಕ, ಕರಪತ್ರಗಳು ಸಿಗುತ್ತಿದ್ದವು. ಮಳೆಗಾಲದಲ್ಲಿ ಟೇಪುಗಳಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಕನ್ನಡದ ಸಸ್ಪೆನ್ಸ್ ಚಿತ್ರಗಳನ್ನು ಹುಡುಕುವುದು ಜರ್ಮನ್ ಮೂಕಿಗಳನ್ನು ಹುಡುಕುವುದಕ್ಕಿಂತ ಕಷ್ಟವಾಯಿತು. ಕಾಶೀನಾಥರ ‘ಅಪರಿಚಿತ’ (1978), ಸುನೀಲ್‌ಕುಮಾರ್ ದೇಸಾಯಿ ಅವರ ‘ತರ್ಕ’ (1989) ನನಗೆ ಸಿಕ್ಕಿದ್ದು ಸವೆದ ಪ್ರತಿಗಳಾಗಿ. ‘ತರ್ಕ’ದಲ್ಲಿ ಹಾಡೇ ಇಲ್ಲ. ತಮಿಳಿನ ‘ಅಂದ ನಾಳ್’ (1954), ಹಿಂದಿಯ ‘ಕಾನೂನ್’ (1960) ಕೂಡ ಹಾಡಿಲ್ಲದ ಥ್ರಿಲ್ಲರುಗಳು. ನಮ್ಮಲ್ಲಿ ಹಾಡು ಬಿಡುವುದು ದೊಡ್ಡ ಧೈರ್ಯ, ಆ ಧೈರ್ಯ ಮಾಡಿದವರೆಲ್ಲ ಮೌನದ ಬೆಲೆ ಬಲ್ಲವರು.

ಸಂಗ್ರಹ ಬೆಳೆದಷ್ಟೂ ಇಲ್ಲದ ಚಿತ್ರಗಳ ಪಟ್ಟಿಯೂ ಬೆಳೆಯಿತು. ಹಿಚ್‌ಕಾಕ್‌ನ ಎರಡನೆಯ ಚಿತ್ರ ‘ದಿ ಮೌಂಟನ್ ಈಗಲ್’ ಎಲ್ಲಿಯೂ ಇಲ್ಲ. ಲಾನ್ ಚೇನಿ ನಟಿಸಿದ ‘ಲಂಡನ್ ಆಫ್ಟರ್ ಮಿಡ್‌ನೈಟ್’ನ ಕೊನೆಯ ಪ್ರತಿ 1960ರ ದಶಕದಲ್ಲಿ ಸ್ಟುಡಿಯೋ ಉಗ್ರಾಣದ ಬೆಂಕಿಯಲ್ಲಿ ಸುಟ್ಟಿತು. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅಲ್ಲಿ ತಯಾರಾದ ಸುಮಾರು 11,000 ಮೂಕಿ ಕಥಾಚಿತ್ರಗಳಲ್ಲಿ ಮೂಲ ರೂಪದ 35 ಎಂಎಂ ಪ್ರತಿ ಉಳಿದಿರುವುದು ಶೇ. 14ಕ್ಕೆ ಮಾತ್ರ. ಆಗಿನ ಫಿಲ್ಮ್ ನೈಟ್ರೇಟಿನದು. ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಟಾಕಿ ಬಂದ ಮೇಲೆ ಮೂಕಿಗೆ ಬೆಲೆಯಿಲ್ಲವೆಂದು ಬೆಳ್ಳಿ ತೆಗೆಯಲು ಕರಗಿಸಿದ್ದೂ ಉಂಟು.

ಉಳಿದವು ಉಳಿದದ್ದು ಎಂಥೆಂಥ ದಾರಿಗಳಲ್ಲಿ! ‘ನೊಸ್ಫೆರಾಟು’ವನ್ನು ನಾಶ ಮಾಡಿ ಎಂದು ಜರ್ಮನಿಯ ನ್ಯಾಯಾಲಯ ಹೇಳಿತ್ತು, ‘ಡ್ರಾಕುಲಾ’ ಬರೆದ ಬ್ರ್ಯಾಮ್ ಸ್ಟೋಕರನ ಹೆಂಡತಿ ಹೂಡಿದ ದಾವೆಯಲ್ಲಿ. ಅಷ್ಟರಲ್ಲಿ ಹೊರದೇಶಕ್ಕೆ ಹೋಗಿದ್ದ ಪ್ರತಿಗಳಿಂದ ಅದು ಬದುಕಿತು. ತಿರುವಾಂಕೂರಿನ ಮೂಕಿ ‘ಮಾರ್ತಾಂಡ ವರ್ಮ’ (1933) ಉಳಿದದ್ದು ಇದಕ್ಕೆ ಪೂರ್ತಿ ತಿರುಗುಮುರುಗಾಗಿ: ಚಿತ್ರಕ್ಕೆ ಮೂಲವಾದ ಕಾದಂಬರಿಯ ಪ್ರಕಾಶಕರು ಹಕ್ಕಿನ ದಾವೆ ಹೂಡಿ ಪ್ರದರ್ಶನ ನಿಲ್ಲಿಸಿದರು, ಫಿಲ್ಮಿನ ಪ್ರತಿ ಅವರ ಪುಸ್ತಕದಂಗಡಿಯಲ್ಲೇ ಉಳಿಯಿತು, ದಶಕಗಳ ನಂತರ ಪಿ.ಕೆ. ನಾಯರ್ ಅದನ್ನು ಪುಣೆಗೆ ತಂದರು. 1964ರಲ್ಲಿ ಶುರುವಾದ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯವನ್ನು ಕಟ್ಟಿದ ನಾಯರ್ ಅವರನ್ನು ನಾನು ಗುರುವೆಂದು ತಿಳಿದಿದ್ದೇನೆ. ಫಾಲ್ಕೆಯವರ ‘ರಾಜಾ ಹರಿಶ್ಚಂದ್ರ’ದ ಉಳಿದ ಭಾಗಗಳನ್ನು ಹುಡುಕಿ ತಂದವರೂ ಅವರೇ. ಭಾರತದಲ್ಲಿ ತಯಾರಾದ 1,300ಕ್ಕೂ ಹೆಚ್ಚು ಮೂಕಿಗಳಲ್ಲಿ ಇಂದು ನೋಡಸಿಗುವುದು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯ ಹಿಂದೆ ಆ ಒಬ್ಬ ಮನುಷ್ಯರ ಅಲೆದಾಟವಿದೆ.

ನಮ್ಮ ಮನೆಯ ಲೆಕ್ಕಕ್ಕೆ ಬರೋಣ. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ 1934ರ ಮಾರ್ಚ್ 3ರಂದು ಬೆಂಗಳೂರಿನ ಸಿಟಿ ಮಾರ್ಕೆಟ್ ಹತ್ತಿರದ ಪ್ಯಾರಾಮೌಂಟ್‌ನಲ್ಲಿ ತೆರೆಕಂಡಿತು. ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ ವೈ.ವಿ. ರಾವ್ ನಿರ್ದೇಶಿಸಿದ ಚಿತ್ರ. ಬೆಳ್ಳಾವೆ ನರಹರಿ ಶಾಸ್ತ್ರಿಗಳ ಬರವಣಿಗೆ, ಇಂದ್ರಜಿತುವಾಗಿ ಸುಬ್ಬಯ್ಯ ನಾಯ್ಡು, ರಾವಣನಾಗಿ ಆರ್. ನಾಗೇಂದ್ರರಾವ್, ಸುಲೋಚನೆಯಾಗಿ ತ್ರಿಪುರಾಂಬ. ‘ಎಂ’ ಬಂದು ಮೂರು ವರ್ಷವೂ ಆಗಿರಲಿಲ್ಲ. ‘ಎಂ’ನ ಮೌನವನ್ನು ನಾನು ಅಳೆದು ತೂಗಿ ಕೊಳ್ಳಬಲ್ಲೆ, ಕನ್ನಡ ತೆರೆಯ ಮೇಲೆ ಮೊದಲು ಮಾತಾಡಿದ ದನಿಯನ್ನು ಒಂದು ನಿಮಿಷವೂ ಕೇಳಲಾರೆ. ‘ಸತಿ ಸುಲೋಚನಾ’ದ ಪ್ರತಿ ಉಳಿದಿಲ್ಲ. ಬಾಲ್ಯದಲ್ಲಿ ಅದನ್ನು ನೋಡಿದ್ದ ಹಿರಿಯರೊಬ್ಬರು ನನಗೆ ಪರಿಚಯವಿದ್ದರು. ದೃಶ್ಯ ಯಾವುದೂ ಅವರಿಗೆ ನೆನಪಿರಲಿಲ್ಲ, ರಾವಣನ ಗಂಟಲು ಮಾತ್ರ ನೆನಪಿತ್ತು. ಗೋಡೆಯೊಳಗಿಂದ ಕನ್ನಡ ಬಂದ ಹಾಗಾಯಿತು ಎಂದಿದ್ದರು. ಅವರೂ ಈಗಿಲ್ಲ.

ಆದ್ದರಿಂದ ಓದುಗರಲ್ಲಿ ಒಂದು ಬೇಡಿಕೆ. ನಿಮ್ಮ ಮನೆಯ ಅಟ್ಟದಲ್ಲಿ, ಮುಚ್ಚಿಹೋದ ಥಿಯೇಟರಿನ ಪ್ರೊಜೆಕ್ಟರ್ ಕೋಣೆಯಲ್ಲಿ, ಹಳೆಯ ಹಂಚಿಕೆದಾರರ ಗೋದಾಮಿನಲ್ಲಿ ತುಕ್ಕು ಹಿಡಿದ ದುಂಡನೆಯ ತಗಡಿನ ಡಬ್ಬಿಗಳಿದ್ದರೆ ಗುಜರಿಗೆ ಹಾಕಬೇಡಿ. ಒಳಗಿಂದ ವಿನೆಗರ್‌ನಂಥ ಹುಳಿ ವಾಸನೆ ಬಂದರೂ ಫಿಲ್ಮ್ ಸತ್ತಿದೆ ಎಂದು ತಿಳಿಯಬೇಡಿ. ಹಾಳಾಗುತ್ತಿದೆ, ಇನ್ನೂ ಸಮಯವಿದೆ ಎಂದು ಅದರ ಅರ್ಥ. ಬಿಸಿಲು, ಬೆಂಕಿ, ಒಲೆಯಿಂದ ದೂರವಿಡಿ. ಪ್ರೊಜೆಕ್ಟರಿಗೆ ಹಾಕಿ ನೋಡಬೇಡಿ, ಸುರುಳಿ ಬಿಚ್ಚಲೂ ಬೇಡಿ. ಮೇಲಿನ ಚೀಟಿಯ ಫೋಟೊ ತೆಗೆದು ಪುಣೆಯ ರಾಷ್ಟ್ರೀಯ ಚಲನಚಿತ್ರ ಸಂಗ್ರಹಾಲಯಕ್ಕೆ ಬರೆಯಿರಿ. ಹಾಡಿನ ಪುಸ್ತಕ, ಕರಪತ್ರ, ಗ್ರಾಮೊಫೋನ್ ತಟ್ಟೆಗಳಿದ್ದರೆ ಅವನ್ನೂ ಉಳಿಸಿ; ಚಿತ್ರವೇ ಇಲ್ಲದಾಗ ಅವೇ ಸಾಕ್ಷಿ. ಡಬ್ಬಿಯ ಮೇಲೆ ಹೆಸರಿಲ್ಲದಿದ್ದರೂ ಬರೆಯಿರಿ.